ಕತ್ತಲ ಮನೆಯ ಸೊಸೆ

ಸಾಲಿಬಾಂಗ್‌ನಲ್ಲಿ ಎಪ್ಪತ್ತೆರಡು ಮನೆ. ಕೆಳಗೆ ಹೊಳೆಯ ದಂಡೆಯ ಪವರ್‌ಹೌಸಿನಲ್ಲಿ ನೌಸರಾ ಪುನ್ ಸಂಜೆ ಆರಕ್ಕೆ ಕಬ್ಬಿಣದ ಚಕ್ರ ತಿರುಗಿಸಿ ಟರ್ಬೈನಿಗೆ ನೀರು ಬಿಟ್ಟರೆ, ಮೇಲೆ ಗುಡ್ಡದ ಮೈಯಲ್ಲಿ ಎಪ್ಪತ್ತೊಂದು ಮನೆಗಳಿಗೆ ದೀಪ ಬರುತ್ತಿತ್ತು. ಬಾರದೆ ಉಳಿಯುತ್ತಿದ್ದ ಒಂದು ಮನೆ ಅವಳದೇ. ವಿದ್ಯುತ್ ಕಂಬ ಆ ಮನೆಯ ಅಂಗಳದ ಮೂಲೆಯಲ್ಲೇ ನಿಂತಿತ್ತು. ತಂತಿ ಆ ಮನೆಯ ಕಲ್ಲುಚಪ್ಪಡಿಯ ಮಾಡಿನ ಮೇಲಿಂದಲೇ ಹಾದು ಪಕ್ಕದ ಮನ್‌ಕಲಾಳ ಮನೆಗೆ ಹೋಗುತ್ತಿತ್ತು. ಆದರೆ ಅತ್ತೆ ಬೈಸರಿ ಅದನ್ನು ಒಳಗೆ ಬಿಟ್ಟುಕೊಂಡಿರಲಿಲ್ಲ.

ಅದಕ್ಕೆ ಕಾರಣವಿತ್ತು, ಊರಿಗೆಲ್ಲ ಗೊತ್ತೂ ಇತ್ತು. ಹದಿನೈದು ವರ್ಷದ ಹಿಂದೆ ಊರವರೇ ಸೇರಿ ಪವರ್‌ಹೌಸಿಗೆ ನೀರು ತರುವ ಕಾಲುವೆ ತೋಡುವಾಗ ಮನೆಗೊಬ್ಬರಂತೆ ಆಳು ಬರಬೇಕೆಂದು ಊರ ವಿದ್ಯುತ್ ಸಮಿತಿಯ ಅಧ್ಯಕ್ಷ ಭಕ್ತಸೇರ್ ಕಟ್ಟಳೆ ಮಾಡಿದ್ದ. ಈ ಮನೆಯಿಂದ ಹೋದವನು ಟೇಕ್ ಬಹಾದೂರ್, ಬೈಸರಿಯ ಒಬ್ಬನೇ ಮಗ. ನೌಸರಾಳನ್ನು ಅವನು ಮದುವೆಯಾಗಿ ಒಂದೂವರೆ ವರ್ಷವಾಗಿತ್ತು. ಆಷಾಢದ ಮಳೆ ಹಿಡಿಯುವ ಮೊದಲು ಬಂಡೆಯ ಮಗ್ಗುಲಿನ ಒಂದು ತುಂಡು ಮುಗಿಸಿಬಿಡೋಣವೆಂದು ಹತ್ತು ಜನ ಹೋಗಿದ್ದರು. ಮಧ್ಯಾಹ್ನದ ಹೊತ್ತಿಗೆ ಗುಡ್ಡ ಜಾರಿತು. ಒಂಬತ್ತು ಜನ ಓಡಿ ಬಂದರು. ಎಂಟು ದಿನ ಅಗೆದರೂ ಟೇಕ್ ಸಿಗಲಿಲ್ಲ, ಅವನ ಹಾರೆಯೂ ಸಿಗಲಿಲ್ಲ. ಒಂಬತ್ತನೆಯ ದಿನ ಮತ್ತೊಮ್ಮೆ ಮಣ್ಣು ಜಾರತೊಡಗಿದಾಗ ಹುಡುಕುವುದನ್ನು ನಿಲ್ಲಿಸಿದರು. ದರ್ಭೆಯಲ್ಲಿ ಬೊಂಬೆ ಮಾಡಿ ಸುಟ್ಟು ಕರ್ಮ ಮುಗಿಸಿದರು. ಮುಂದಿನ ಚಳಿಗಾಲದಲ್ಲಿ ಆ ಕುಸಿದ ಮಣ್ಣಿನ ಮೇಲೆಯೇ ಕಾಲುವೆ ಹಾಯಿಸಿದರು. ಬೇರೆ ದಾರಿ ಇರಲಿಲ್ಲ.

ದೀಪ ಬಂದ ದಿನ ಊರಲ್ಲಿ ಡೋಲು ಬಾರಿಸಿದರು. ಬೈಸರಿ ಬಾಗಿಲು ಹಾಕಿಕೊಂಡು ಒಲೆಯ ಮುಂದೆ ಕೂತಿದ್ದಳು.

ಪವರ್‌ಹೌಸ್ ನೋಡಿಕೊಳ್ಳುವ ಕೆಲಸವನ್ನು ಟೇಕ್‌ನ ಹೆಂಡತಿಗೇ ಕೊಡಬೇಕೆಂದು ಸಮಿತಿ ಒಮ್ಮತದಿಂದ ತೀರ್ಮಾನಿಸಿತು. ನೌಸರಾ ಎಂಟನೆಯ ತರಗತಿವರೆಗೆ ಓದಿದ್ದಳು. ಬೇನಿ ಪಟ್ಟಣದಿಂದ ಬಂದ ಮೆಕ್ಯಾನಿಕ್ ಹತ್ತು ದಿನ ಇದ್ದು ಎಲ್ಲ ಕಲಿಸಿದ. ಮೊದಲ ದಿನ ಅವಳು ಕೆಳಗೆ ಹೊರಟಾಗ ಬೈಸರಿ ಒಲೆಯಿಂದ ಮುಖ ಎತ್ತದೆ ಹೇಳಿದಳು, “ನನ್ನ ಮಗನ್ನ ನುಂಗಿದ ಕಾಲುವೇನ ಕಾಯೋಕೆ ಹೋಗ್ತಿದೀಯ. ಹೋಗು. ಅದರ ಬೆಳಕು ಮಾತ್ರ ಈ ಮನೆಯೊಳಗೆ ತರಬೇಡ.”

ನೌಸರಾ ತರಲಿಲ್ಲ. ಹೊಳೆಯಿಂದ ಊರಿಗೆ ಒಂದು ತಾಸಿನ ಏರು. ರಾತ್ರಿ ಹತ್ತಕ್ಕೆ ಮಿಷನ್ ನಿಲ್ಲಿಸಿ ಆ ಏರು ಹತ್ತುವುದು ಆಗದ ಮಾತು. ಅವಳು ಪವರ್‌ಹೌಸಿನ ಪಕ್ಕದ ಚಿಕ್ಕ ಕೋಣೆಯಲ್ಲೇ ಮಲಗುತ್ತಿದ್ದಳು. ಬೆಳಿಗ್ಗೆ ಮೇಲೆ ಬಂದು ನೀರು ತುಂಬಿ, ಕಾಡಿನಿಂದ ಬೆನ್ನುಬುಟ್ಟಿಯಲ್ಲಿ ಕಟ್ಟಿಗೆ ಹೊತ್ತು ತಂದು, ಎಮ್ಮೆಗೆ ಹುಲ್ಲು ಹಾಕಿ, ಅತ್ತೆಯ ಎದುರು ಕೂತು ಊಟ ಮಾಡಿ, ಕಾಲುವೆಯ ಉದ್ದಕ್ಕೂ ಕಸ ತೆಗೆಯುತ್ತ ಕೆಳಗಿಳಿಯುತ್ತಿದ್ದಳು. ಅತ್ತೆ ಸೊಸೆಯರ ನಡುವೆ ಇದ್ದ ಮಾತು ಅಷ್ಟಕ್ಕಷ್ಟೆ. ಕಟ್ಟಿಗೆ ಹಸಿಯಾಯಿತು, ಎಮ್ಮೆ ಹಾಲು ಕಮ್ಮಿ ಮಾಡಿತು, ನಾಳೆ ಜೋಳ ಬಿಡಿಸಬೇಕು. ಟೇಕ್‌ನ ಹೆಸರನ್ನು ಇಬ್ಬರೂ ಎತ್ತುತ್ತಿರಲಿಲ್ಲ. ಊಟಕ್ಕೆ ಮೊದಲು ಬೈಸರಿ ಒಂದು ತುತ್ತನ್ನು ಒಲೆಯ ಅಂಚಿಗೆ ಇಡುತ್ತಿದ್ದಳು, ಸತ್ತವರ ಪಾಲು ಅದು. ಅದನ್ನು ಇಡುವಾಗ ಅವಳ ತುಟಿ ಅಲುಗುತ್ತಿದ್ದುದನ್ನು ನೌಸರಾ ನೋಡುತ್ತಿದ್ದಳು. ಏನು ಹೇಳುತ್ತಾಳೆಂದು ಕೇಳಿದವಳಲ್ಲ.

ಆ ಮನೆಗೆ ಕಿಟಕಿಯಿರಲಿಲ್ಲ. ನೆಲದಲ್ಲಿ ತೋಡಿದ ಕುಳಿ, ಅದರ ಮೇಲೆ ಕಬ್ಬಿಣದ ಮುಕ್ಕಾಲಿ, ಅದೇ ಒಲೆ. ಹೊಗೆ ಮೇಲೆ ಕಟ್ಟಿದ ಜೋಳದ ತೆನೆಗಳ ನಡುವೆ ಸುತ್ತಾಡಿ ಮಾಡಿನ ಸಂದುಗಳಲ್ಲಿ ನಿಧಾನಕ್ಕೆ ಹೊರಗೆ ಹೋಗಬೇಕು. ತೊಲೆಗಳಿಂದ ಇಲ್ಲಣ ಜೋತು ಬಿದ್ದು, ಗಾಳಿ ಬಂದಾಗ ಅನ್ನದ ಮೇಲೆ ಉದುರುತ್ತಿತ್ತು. ಸೊಸೆಯಾಗಿ ಬಂದ ಹೊಸದರಲ್ಲಿ ನೌಸರಾಗೆ ಇದೊಂದೂ ಬೇರೆ ಅನಿಸಿರಲಿಲ್ಲ, ತವರುಮನೆಯೂ ಹೀಗೇ ಇತ್ತು. ಪವರ್‌ಹೌಸಿನಲ್ಲಿ ವರ್ಷ ಕಳೆದ ಮೇಲೆ ಮಾತ್ರ, ಬೆಳಿಗ್ಗೆ ಬಾಗಿಲು ದಾಟಿ ಒಳಗೆ ಕಾಲಿಟ್ಟೊಡನೆ ಕಣ್ಣು ಉರಿದು ಕೆಮ್ಮು ಬರತೊಡಗಿತು. ಕೆಳಗೆ ಅವಳು ಅಡುಗೆ ಮಾಡುತ್ತಿದ್ದುದು ಕರೆಂಟಿನ ಒಂದು ಚಿಕ್ಕ ಕಾಯಿಲ್ ಒಲೆಯಲ್ಲಿ. ಊರು ಬಳಸದೆ ಬಿಟ್ಟ ಕರೆಂಟು ಹೇಗೂ ವ್ಯರ್ಥವಾಗುತ್ತಿತ್ತು, ಪವರ್‌ಹೌಸಿನ ಮಗ್ಗುಲ ಒಂದು ತೊಟ್ಟಿಯ ನೀರನ್ನು ಸುಮ್ಮನೆ ಕಾಯಿಸುತ್ತಿತ್ತು. ಹೊಗೆಯಿಲ್ಲ, ಊದುವ ಕೆಲಸವಿಲ್ಲ. ಟರ್ಬೈನಿನ ಮೊರೆತದ ಮಧ್ಯೆ ಕೂತು, ಬೇಯಿಸಿದ ಆಲೂಗಡ್ಡೆಯನ್ನು ಉಪ್ಪು ಮೆಣಸಿನಲ್ಲಿ ಅದ್ದಿ ಒಬ್ಬಳೇ ತಿನ್ನುತ್ತಿದ್ದಳು. ಆ ಮೊರೆತದಲ್ಲಿ ತನ್ನ ದನಿ ತನಗೇ ಕೇಳಿಸುವುದಿಲ್ಲವಾದ್ದರಿಂದ, ತನ್ನೊಡನೆ ತಾನು ಮಾತಾಡುವ ಅಭ್ಯಾಸವೂ ಅವಳಿಗೆ ಬರಲಿಲ್ಲ.

ಒಮ್ಮೆ ಕಾಲುವೆ ರಿಪೇರಿಗೆ ಬಂದಿದ್ದ ಗಾರೆ ಕೆಲಸದವನೊಬ್ಬ ಅವಳನ್ನು ಮದುವೆಯಾಗುತ್ತೇನೆ ಎಂದು ಕೇಳಿದ. ಒಳ್ಳೆಯವನು, ಅವನ ಹೆಂಡತಿ ತೀರಿಹೋಗಿದ್ದಳು. ಅವರ ಜನರಲ್ಲಿ ವಿಧವೆ ಮತ್ತೆ ಮದುವೆಯಾಗುವುದು ತಪ್ಪಲ್ಲ. ಸುದ್ದಿ ಬೈಸರಿಯ ಕಿವಿಗೂ ಬಿತ್ತು. “ಹೋಗೋದಾದ್ರೆ ಹೋಗು, ನಾನು ಅಡ್ಡ ಬರಲ್ಲ” ಎಂದಳು. ನೌಸರಾ ಒಂದು ತಿಂಗಳು ಯೋಚಿಸಿದಳು. ಗಾರೆಯವನು ಕೆಲಸ ಮುಗಿಸಿ, ಇನ್ನೂ ನಾಲ್ಕು ದಿನ ನೆಪ ಮಾಡಿಕೊಂಡು ಇದ್ದು, ಹೊರಟುಹೋದ. ಯಾಕೆ ಹೋಗಲಿಲ್ಲ ಎಂದು ಮನ್‌ಕಲಾ ಕೇಳಿದಳು. ಮನೆಯಲ್ಲಿ ಇಬ್ಬರಿದ್ದೇವೆ, ನಾನು ಹೋದರೆ ಒಬ್ಬರಾಗುತ್ತಾರೆ ಎಂದಷ್ಟೇ ನೌಸರಾಗೆ ಅನಿಸಿತ್ತು. ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆಯಾಯಿತು.

ಬೈಸರಿಯ ಕೆಮ್ಮು ಎಂದಿನಿಂದಲೋ ಇದ್ದದ್ದೇ. ಆದರೆ ಆ ವರ್ಷ ಮಳೆಗಾಲ ಕಳೆಯುವ ಹೊತ್ತಿಗೆ ಅವಳು ಅಂಗಳ ದಾಟಿ ಎಮ್ಮೆಯ ಹತ್ತಿರ ಹೋಗಲೂ ಎರಡು ಕಡೆ ಕೂರಬೇಕಾಯಿತು. ಉಗುರು ನೀಲಿಯಾಗಿತ್ತು. ಮನ್‌ಕಲಾ ಊರಿನ ಆರೋಗ್ಯ ಕಾರ್ಯಕರ್ತೆಯೂ ಆಗಿದ್ದಳು. ಅವಳು ನೋಡಿ, ಇದು ಕಷಾಯಕ್ಕೆ ಬಗ್ಗುವ ಕೆಮ್ಮಲ್ಲ, ಬೇನಿಗೆ ಕರೆದುಕೊಂಡು ಹೋಗು ಎಂದಳು. ನೌಸರಾ ಅತ್ತೆಯನ್ನು ಬೆನ್ನುಬುಟ್ಟಿಯಲ್ಲಿ ಕೂರಿಸಿ, ಪಟ್ಟಿಯನ್ನು ಹಣೆಗೆ ಹಾಕಿ, ಜೀಪು ಸಿಗುವ ರಸ್ತೆಯವರೆಗೆ ಹೊತ್ತಳು. ಮೂವತ್ತೈದು ಕಿಲೋ ಇದ್ದಾಳೋ ಇಲ್ಲವೋ ಎನ್ನುವಷ್ಟು ಹಗುರವಾಗಿದ್ದಳು ಬೈಸರಿ. ದಾರಿಯುದ್ದಕ್ಕೂ ಅವಳ ಏದುಸಿರು ಸೊಸೆಯ ಕತ್ತಿಗೆ ಬಡಿಯುತ್ತಿತ್ತು. ಅಷ್ಟು ವರ್ಷಗಳಲ್ಲಿ ಇಬ್ಬರೂ ಅಷ್ಟು ಹತ್ತಿರ ಬಂದದ್ದು ಅದೇ ಮೊದಲು.

ಡಾಕ್ಟರು ಚಿಕ್ಕ ವಯಸ್ಸಿನವನು. ಎಕ್ಸ್‌ರೇ ಬೆಳಕಿಗೆ ಹಿಡಿದು, ದಿನಕ್ಕೆ ಎಷ್ಟು ಬೀಡಿ ಸೇದುತ್ತೀರಿ ಎಂದು ಕೇಳಿದ.

ಬೈಸರಿಗೆ ಸಿಟ್ಟು ಬಂತು. “ನಾನು ಹುಟ್ಟಿದಾಗಿಂದ ಬೀಡಿ ಮುಟ್ಟಿದವಳಲ್ಲ ಕಣಪ್ಪ. ಸೇದಿದವನು ನನ್ನ ಗಂಡ. ಅವನು ಎಂಬತ್ತು ವರ್ಷ ಗಟ್ಟಿಯಾಗಿದ್ದು ಮರದಿಂದ ಬಿದ್ದು ಸತ್ತ.”

ಡಾಕ್ಟರು ನಕ್ಕ. ಆಮೇಲೆ ನೌಸರಾಳನ್ನು ಹೊರಗೆ ಕರೆದು ಹೇಳಿದ. ಐವತ್ತು ಅರವತ್ತು ವರ್ಷ ಒಲೆಯ ಹೊಗೆ ಕುಡಿದು ಶ್ವಾಸಕೋಶ ಹಾಳಾಗಿದೆ, ಅದು ಮತ್ತೆ ಮೊದಲಿನಂತಾಗುವುದಿಲ್ಲ. ಇನ್ನು ದಿನವಿಡೀ ಮೂಗಿಗೆ ಆಕ್ಸಿಜನ್ ಬೇಕು. ಊರಲ್ಲಿ ಕರೆಂಟು ಇದೆಯೇ?

“ಇದೆ,” ಎಂದಳು ನೌಸರಾ. “ನಾನೇ ಕೊಡೋದು.”

ಕೊರೋನಾ ಕಾಲದಲ್ಲಿ ಬಂದ ಒಂದು ಆಕ್ಸಿಜನ್ ಮಿಷನ್ ಪಂಚಾಯತಿಯ ಆರೋಗ್ಯ ಕೇಂದ್ರದಲ್ಲಿ ಬಟ್ಟೆ ಹೊದ್ದು ಕೂತಿತ್ತು. ಮನ್‌ಕಲಾ ಓಡಾಡಿ ಅದನ್ನು ಕೊಡಿಸಿದಳು. ಗಾಲಿ ಇದ್ದ ಆ ಪೆಟ್ಟಿಗೆ, ಕರೆಂಟಿಗೆ ಹಾಕಿದರೆ ಗಾಳಿಯಿಂದಲೇ ಆಕ್ಸಿಜನ್ ಸೋಸಿ ಕೊಡುತ್ತದೆ. ಅದರ ಜೊತೆ ಒಂದು ಎಚ್ಚರಿಕೆಯ ಮಾತೂ ಬಂತು. ಅದು ನಡೆಯುವಾಗ ಆ ಕೋಣೆಯಲ್ಲಿ ಬೆಂಕಿ ಇರಕೂಡದು, ಹೊತ್ತಿಕೊಂಡರೆ ಮನೆಯೇ ಹೋಗುತ್ತದೆ.

ತಂತಿಯೂ ಒಳಗೆ ಬರಬೇಕು, ಒಲೆಯೂ ಆರಬೇಕು. ಬೈಸರಿ ಎರಡಕ್ಕೂ ಒಪ್ಪಲಿಲ್ಲ. ಮಿಷನ್ ಮೂರು ದಿನ ಅಂಗಳದಲ್ಲೇ ಇತ್ತು. ತಮ್ಮ ಮನೆಗಾದರೂ ಬಂದು ಇರಿ ಎಂದು ಮನ್‌ಕಲಾ ಕೈ ಹಿಡಿದು ಕರೆದಳು. ಅದಕ್ಕೂ ಇಲ್ಲ. ಮಲಗಿದರೆ ಉಸಿರು ಕಟ್ಟುತ್ತದೆಂದು ಮೊಣಕಾಲಿಗೆ ತಲೆ ಆನಿಸಿ ಕೂತೇ ಇರುತ್ತಿದ್ದಳು. ಭಕ್ತಸೇರ್ ಬಂದು ಬಾಗಿಲಲ್ಲಿ ನಿಂತ. ಹದಿನೈದು ವರ್ಷಗಳಲ್ಲಿ ಅವನು ಆ ಹೊಸಿಲ ಹತ್ತಿರ ಸುಳಿದಿರಲಿಲ್ಲ. ಟೋಪಿ ಸರಿಮಾಡಿಕೊಂಡು ಹಿಂದಿರುಗಿದ.

ನಾಲ್ಕನೆಯ ದಿನ ಬೆಳಿಗ್ಗೆ ನೌಸರಾ ಕಟ್ಟಿಗೆ ಇಳಿಸುತ್ತಿದ್ದಾಗ ಬೈಸರಿ ಅವಳನ್ನು ಹತ್ತಿರ ಕರೆದಳು. ಒಂದೊಂದು ಮಾತಿಗೂ ಉಸಿರು ತೆಗೆದುಕೊಳ್ಳುತ್ತ ಕೇಳಿದಳು.

“ಬುಹಾರಿ, ಆ ನೀರು... ಅವನಿರೋ ಜಾಗದ ಮೇಲಿಂದ ಬರುತ್ತಾ?”

ಬುಹಾರಿ ಎಂದರೆ ಸೊಸೆ. ಅತ್ತೆ ಅವಳನ್ನು ಹಾಗೆ ಕರೆದು ಬಹಳ ಕಾಲವಾಗಿತ್ತು. ನೌಸರಾ ಕಟ್ಟಿಗೆಯ ಹಗ್ಗವನ್ನು ಕೈಯಲ್ಲಿ ಹಿಡಿದೇ ನಿಂತಳು.

“ಹೌದು ಆಮಾ. ಅಲ್ಲಿಂದಲೇ ಬರುತ್ತೆ.”

“ನೀನು ದಿನಾ ಅಲ್ಲಿಗೆ ಹೋಗ್ತೀಯಾ?”

“ದಿನಾ ಹೋಗ್ತೀನಿ. ಅಲ್ಲಿ ಎಲೆ ಜಾಸ್ತಿ ಬೀಳುತ್ತೆ.”

ಬೈಸರಿ ಒಂದು ಕೊಳ್ಳಿಯನ್ನು ಒಲೆಯೊಳಗೆ ತಳ್ಳಿದಳು. “ನನಗೆ ಒಂದು ದಿನಾನೂ ಹೇಳಲಿಲ್ಲ ನೀನು.”

“ನೀವು ಕೇಳಲಿಲ್ಲ, ಆಮಾ.”

“ಹೂಂ,” ಎಂದಳು ಬೈಸರಿ. “ತಂತಿ ಎಳಿಸು.”

ಒಲೆಯನ್ನು ಅವಳೇ ಆರಿಸಿದಳು. ಕೊಳ್ಳಿಗಳನ್ನು ಒಂದೊಂದಾಗಿ ಬೂದಿಯಲ್ಲಿ ಹೂತು, ಮೇಲೆ ನೀರು ಚಿಮುಕಿಸಿ, ಕೈ ಒರೆಸಿಕೊಂಡು, ಗೋಡೆಗೆ ಮುಖ ಮಾಡಿ ಮಲಗಿದಳು. ಅಡುಗೆ ಮನ್‌ಕಲಾಳ ಮನೆಯಿಂದ ಬರುವುದೆಂದಾಯಿತು.

ಹಗಲೂ ರಾತ್ರಿ ಮಿಷನ್ ನಡೆಯಬೇಕಾದರೆ ಪವರ್‌ಹೌಸೂ ಹಗಲೂ ರಾತ್ರಿ ನಡೆಯಬೇಕು. ಸಮಿತಿ ಒಪ್ಪಿತು. ಸಂಜೆಯ ನಾಲ್ಕು ತಾಸು ಬಿಟ್ಟು ಉಳಿದ ಹೊತ್ತು ಬೇರೆ ಎಲ್ಲ ಮನೆಗಳ ಸ್ವಿಚ್ಚನ್ನು ಕಂಬದ ಪೆಟ್ಟಿಗೆಯಲ್ಲಿ ಇಳಿಸಿಡುತ್ತಿದ್ದರು. ಕರೆಂಟು ಬೈಸರಿಯೊಬ್ಬಳಿಗೆ. ಕಾರ್ತಿಕ ಮಾಸ, ಕಾಡಿನ ಎಲೆಯೆಲ್ಲ ಉದುರಿ ಕಾಲುವೆಗೆ ಬೀಳುವ ಕಾಲ. ಕಸ ತಡೆಯುವ ಜಾಲರಿಗೆ ಎಲೆ ಕಟ್ಟಿ ನೀರು ತಪ್ಪಿದರೆ ಮೇಲೆ ಮುದುಕಿಯ ಉಸಿರು ತಪ್ಪಿದಂತೆ. ಹೀಗಾಗಿ ನೌಸರಾ ಹೊಳೆಯ ಬಳಿಯಿಂದ ಅಲುಗುವಂತಿರಲಿಲ್ಲ. ಮೊದಲು ದಿನಕ್ಕೊಮ್ಮೆ ನೋಡುತ್ತಿದ್ದ ಅತ್ತೆಯನ್ನು ಈಗ ನಾಲ್ಕು ದಿನಕ್ಕೊಮ್ಮೆ, ಅದೂ ಓಡಿಬಂದು ಓಡಿಹೋಗುವಂತೆ ನೋಡಬೇಕಾಯಿತು.

ಪ್ಯಾನೆಲ್ಲಿನ ಮೇಲೆ ಚಿಕ್ಕ ಕೆಂಪು ಅಂಕಿಗಳ ಒಂದು ಮೀಟರ್ ಇತ್ತು. ಊರು ಎಷ್ಟು ಕರೆಂಟು ಎಳೆಯುತ್ತಿದೆ ಎಂದು ಅದು ತೋರಿಸುತ್ತದೆ. ಹಗಲು ಅದರಲ್ಲಿ 1.6 ಇರುತ್ತಿತ್ತು. ಅಷ್ಟೂ ಬೈಸರಿಯ ಮಿಷನ್ನಿನದು. ನೌಸರಾ ಕಾಲುವೆಯಿಂದ ಬಂದೊಡನೆ ಮೊದಲು ನೋಡುತ್ತಿದ್ದುದು ಅದನ್ನು. ಆಲೂಗಡ್ಡೆ ಸುಲಿಯುತ್ತ ನೋಡುವಳು, ಬೇರಿಂಗಿಗೆ ಗ್ರೀಸ್ ಹಚ್ಚುತ್ತ ನೋಡುವಳು. 1.6 ಇದೆ, ಆಮಾ ಉಸಿರಾಡುತ್ತಿದ್ದಾಳೆ. ಸಂಜೆ ಮನ್‌ಕಲಾ ಫೋನ್ ಮಾಡಿ ಬೈಸರಿಯ ಕಿವಿಗೆ ಇಡುತ್ತಿದ್ದಳು. ಬೈಸರಿ ಆ ಕಡೆಯಿಂದ ಕೇಳುತ್ತಿದ್ದುದು ಒಂದೇ ಮಾತು, “ಉಂಡ್ಯಾ?” ನೌಸರಾ ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಹೂಂ ಎನ್ನುತ್ತಿದ್ದಳು. ಆಮೇಲೆ ಸ್ವಲ್ಪ ಹೊತ್ತು ಮಿಷನ್ನಿನ ಬುಸುಬುಸು ಶಬ್ದ ಮಾತ್ರ ಕೇಳಿ ಫೋನು ನಿಲ್ಲುತ್ತಿತ್ತು.

ಫಾಲ್ಗುಣ ಕಳೆಯುತ್ತಲೇ ಹೊಳೆ ಬಡವಾಯಿತು. ಆ ಕಾಲಕ್ಕೆ ಹಗಲಿನ ನೀರು ಹೊಲಗಳಿಗೆ ಹೋಗುವುದು ರೂಢಿ. ಸಮಿತಿಯ ಸಭೆಯಲ್ಲಿ ಒಬ್ಬಿಬ್ಬರು, ಒಬ್ಬ ಮುದುಕಿಗಾಗಿ ಜೋಳ ಒಣಗಿಸುವುದೇ ಎಂದು ಗೊಣಗಿದರಂತೆ. ಭಕ್ತಸೇರ್ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡನಂತೆ. ಕೊನೆಗೆ, “ಅವತ್ತು ಬೆಳಿಗ್ಗೆ ಟೇಕ್‌ಗೆ ಜ್ವರ ಇತ್ತು. ಬರಲ್ಲ ಕಾಕಾ ಅಂದ. ನಾನೇ ಎಬ್ಬಿಸಿಕೊಂಡು ಹೋದೆ,” ಎಂದನಂತೆ. ಹದಿನೈದು ವರ್ಷ ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಗೊಣಗಿದವರೂ ಒಪ್ಪಿದರಂತೆ. ಅರ್ಧ ನೀರು ಹೊಲಕ್ಕೆ, ಅರ್ಧ ಕಾಲುವೆಗೆ ಎಂದಾಯಿತು. ನೌಸರಾ ಬೆಳಗಾದರೆ ಜೇಡಿಮಣ್ಣು ಹೊತ್ತು ಹೋಗಿ ಕಾಲುವೆಯ ಒಂದೊಂದು ಸೋರಿಕೆಯನ್ನೂ ಮೆತ್ತಿ ಮುಚ್ಚತೊಡಗಿದಳು. ಸಭೆಯ ಮಾತನ್ನು ಮನ್‌ಕಲಾ ಹೇಳಿದ ದಿನ ಅವಳು ಕುಸಿದ ಮಣ್ಣಿನ ಜಾಗದಲ್ಲಿ ಕೂತು ಕೆಲಸ ಮಾಡುತ್ತಿದ್ದಳು. ಜ್ವರವಿದ್ದುದು ಅವಳಿಗೆ ಗೊತ್ತಿತ್ತು. ಹೋಗಬೇಡ ಎನ್ನಬೇಕೆಂದು ಆ ಬೆಳಿಗ್ಗೆ ಅವಳಿಗೂ ಅನಿಸಿತ್ತು. ಹೊಸ ಸೊಸೆ, ಹಿರಿಯರ ಎದುರು ಬಾಯಿ ಬರಲಿಲ್ಲ. ಅದನ್ನು ಅವಳೂ ಯಾರಿಗೂ ಹೇಳಿರಲಿಲ್ಲ. ಇನ್ನೊಂದು ಮುದ್ದೆ ಮಣ್ಣು ತೆಗೆದು ಸೋರುವ ಬಿರುಕಿಗೆ ಒತ್ತಿದಳು.

ಚೈತ್ರದ ಒಂದು ಮಧ್ಯಾಹ್ನ. ನೌಸರಾ ಕೈ ತೊಳೆದು ಬಂದು ನೋಡಿದರೆ ಮೀಟರಿನಲ್ಲಿ 0.0 ಇತ್ತು.

ಟರ್ಬೈನ್ ತಿರುಗುತ್ತಿತ್ತು, ವೋಲ್ಟೇಜು ಸರಿಯಾಗಿತ್ತು. ತಂತಿ ತುಂಡಾಗಿರಬಹುದು, ಪ್ಲಗ್ಗು ಕಳಚಿರಬಹುದು ಎಂದುಕೊಂಡಳು. ಮನ್‌ಕಲಾಗೆ ಫೋನ್ ಮಾಡಿದಳು. ಅವಳು ಹೊಲದಲ್ಲಿದ್ದಳೋ ಏನೋ, ಎತ್ತಲಿಲ್ಲ. ಮೇಲೆ ಓಡಿದರೆ ಮುಕ್ಕಾಲು ತಾಸು. ಅಷ್ಟರಲ್ಲಿ ಇಲ್ಲಿ ಎಲೆ ಕಟ್ಟಿದರೆ? ಅವಳು ಮೀಟರಿನ ಮುಂದೆ ನಿಂತು ಆ ಅಂಕಿ ಮತ್ತೆ ಏರಲೆಂದು ಕಾದಳು. ಎಷ್ಟು ಹೊತ್ತು ಕಾದಳೋ ಅವಳಿಗೇ ತಿಳಿಯದು. ಆಮೇಲೆ ಓಡಿದಳು. ಕಂಬಗಳ ಜಾಡಿನಲ್ಲೇ, ತಂತಿಯನ್ನು ನೋಡುತ್ತ ಓಡಿದಳು. ತಂತಿ ಎಲ್ಲೂ ತುಂಡಾಗಿರಲಿಲ್ಲ.

ಮನೆಯ ಮಾಡಿನಿಂದ ಹೊಗೆ ಏಳುತ್ತಿತ್ತು.

ಒಳಗೆ ಮಿಷನ್ನಿನ ಸ್ವಿಚ್ಚು ಆರಿಸಿತ್ತು. ಮೂಗಿನ ನಳಿಗೆ ಸುರುಳಿ ಸುತ್ತಿ ದಿಂಬಿನ ಮೇಲಿತ್ತು. ಒಲೆಯಲ್ಲಿ ಬೆಂಕಿ ಉರಿದು ಕೆಂಡವಾಗಿತ್ತು, ಮುಕ್ಕಾಲಿಯ ಮೇಲೆ ಚಿಕ್ಕ ಪಾತ್ರೆಯಲ್ಲಿ ರಾಗಿಹಿಟ್ಟು ಅರ್ಧ ತಿರುವಿದಂತೆ ಗಟ್ಟಿಯಾಗಿತ್ತು. ಒಲೆಯ ಅಂಚಿನಲ್ಲಿ ಒಂದು ತುತ್ತು. ಬೈಸರಿ ಕಂಬಕ್ಕೆ ಒರಗಿ ಕೂತಿದ್ದಳು, ಕೈಯಲ್ಲಿ ಮರದ ಸೌಟು ಇತ್ತು. ಮೈ ಇನ್ನೂ ಬೆಚ್ಚಗಿತ್ತು. ಅದು ಒಲೆಯ ಕಾವೋ ಜೀವದ ಕಾವೋ ನೌಸರಾಗೆ ಗೊತ್ತಾಗಲಿಲ್ಲ.

ಅವಳಿಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಬೆಂಕಿ ಹಚ್ಚುವ ಮೊದಲು ಮಿಷನ್ ಆರಿಸಬೇಕೆಂಬ ಎಚ್ಚರಿಕೆಯಿತ್ತು ಈ ಮುದುಕಿಗೆ. ನಿನ್ನೆ ಸಂಜೆ ಫೋನಿನಲ್ಲಿ ಉಂಡ್ಯಾ ಎಂದು ಕೇಳಿದವಳು, ಇನ್ನೊಂದು ಮಾತು ಹೇಳಬಹುದಿತ್ತು. ನೌಸರಾ ಸೌಟನ್ನು ಬಿಡಿಸಿ ಪಕ್ಕಕ್ಕಿಟ್ಟಳು. ಹೊಗೆಗೆ ಕಣ್ಣಲ್ಲಿ ನೀರು ಸುರಿಯತೊಡಗಿತು. ಮನ್‌ಕಲಾ ಬಂದು ಬಾಗಿಲು ತೆರೆದಿಟ್ಟ ಮೇಲೂ ಅದು ನಿಲ್ಲಲಿಲ್ಲ.

ಹದಿಮೂರು ದಿನ ನೌಸರಾ ಬಿಳಿ ಸೀರೆಯುಟ್ಟು ಮೇಲೆಯೇ ಇದ್ದಳು. ಗಂಡು ದಿಕ್ಕಿಲ್ಲದ ಮನೆ, ಕೊಳ್ಳಿಯಿಡಲು ಭಕ್ತಸೇರ್ ತಾನಾಗಿ ಮುಂದೆ ಬಂದ. ಪವರ್‌ಹೌಸನ್ನು ಸಮಿತಿಯವರು ಸರದಿಯಲ್ಲಿ ನಡೆಸಿದರು. ಹದಿನಾಲ್ಕನೆಯ ದಿನ ಅವಳು ಮನೆಗೆ ಬೀಗ ಹಾಕಿ, ಎಮ್ಮೆಯನ್ನು ಮನ್‌ಕಲಾಳಿಗೆ ಒಪ್ಪಿಸಿ ಕೆಳಗಿಳಿದಳು. ನಮ್ಮ ಜೊತೆ ಇರು, ಮೇಲೆ ಒಂದು ಕೋಣೆಯಿದೆ ಎಂದು ಮನ್‌ಕಲಾ ಎರಡು ಸಲ ಕರೆದಳು. ಬೇಡ ಎಂದಳು.

ಮರುದಿನ ಬೆಳಿಗ್ಗೆ ಹಳೆಯ ಅಭ್ಯಾಸದಂತೆ ಹಗ್ಗ, ಬುಟ್ಟಿ ತೆಗೆದುಕೊಂಡು ಏರು ಹತ್ತಲು ಹೊರಟಳು. ಅರ್ಧ ದಾರಿಯಲ್ಲಿ ಹೊರೆ ಇಳಿಸುವ ಕಟ್ಟೆಯ ಹತ್ತಿರ ಬಂದಾಗ, ಕಟ್ಟಿಗೆ ಯಾರಿಗೆ, ನೀರು ಯಾರಿಗೆ ಎಂದು ನೆನಪಾಯಿತು. ಕಟ್ಟೆಯ ಮೇಲೆ ಕೂತಳು. ಹಾಲು ಮಾರಲು ಹೋಗುತ್ತಿದ್ದ ಒಬ್ಬಳು, ಯಾಕೆ ಕೂತೆ ಎಂದು ಕೇಳಿದಳು. ಸುಮ್ಮನೆ ಎಂದಳು ನೌಸರಾ. ಬಿಸಿಲು ಏರಿದ ಮೇಲೆ ಹಿಂದಿರುಗಿದಳು.

ಊರಿನ ಹೆಂಗಸರು ಆ ಐದು ತಿಂಗಳು, ಹಗಲೆಲ್ಲ ತಮ್ಮ ಮನೆಯ ಮುಂದೆ ಕರೆಂಟು ಹಾದು ಹೋಗುವುದನ್ನು ನೋಡಿದ್ದರು. ಬೈಸರಿ ಹೇಗೆ ಹೋದಳೆಂಬುದನ್ನೂ ನೋಡಿದ್ದರು. ಮನ್‌ಕಲಾ ಅವರನ್ನು ಕೂಡಿಸಿಕೊಂಡು ಸಮಿತಿಯ ಮುಂದೆ ಹೋದಳು. ಹಗಲಿನ ಕರೆಂಟು ನಿಲ್ಲಿಸಬೇಡಿ, ಅನ್ನದ ಕುಕ್ಕರಿಗೆ ಕೊಡಿ ಎಂದರು. ಹನ್ನೆರಡು ಕಿಲೋವ್ಯಾಟಿನಲ್ಲಿ ಎಲ್ಲರಿಗೂ ಒಟ್ಟಿಗೆ ಆಗದು. ಎಂಟೆಂಟು ಮನೆಗೆ ಅರ್ಧರ್ಧ ತಾಸಿನ ಸರದಿ ಮಾಡಿದರು. ಈಗ ಒಲೆ ಪೂರಾ ಆರಿದೆ ಎನ್ನುವಂತಿಲ್ಲ. ಎಮ್ಮೆಯ ಮುಸುರೆಗೆ, ಚಳಿಗೆ ಬೆಂಕಿ ಬೇಕೇ ಬೇಕು. ಅನ್ನ ಮಾತ್ರ ಹಲವು ಮನೆಗಳಲ್ಲಿ ಹೊಗೆಯಿಲ್ಲದೆ ಆಗುತ್ತದೆ. ಸರದಿ ಶುರುವಾದ ಮೇಲೆ ನೌಸರಾಳ ಫೋನು ಹಗಲಲ್ಲಿ ಬಿಡುವಿಲ್ಲದೆ ಬಡಿದುಕೊಳ್ಳತೊಡಗಿತು. ಯಾರದೋ ಸರದಿ ಯಾರೋ ತಿಂದರು, ವೋಲ್ಟೇಜು ಸಾಲದು, ಅನ್ನ ಅರೆಬೆಂದಿದೆ. ಕೇಳಬೇಕಾದ್ದು ಕೇಳಿ ಆ ಕಡೆಯವರು ಇಟ್ಟುಬಿಡುತ್ತಿದ್ದರು. ಹದಿನೈದು ವರ್ಷ ಯಾರ ಮನೆಯೊಳಗೂ ಕೂತು ಮಾತಾಡದವಳ ಜೊತೆ ಏನು ಮಾತಾಡಬೇಕೆಂದು ಅವರಿಗೂ ತೋಚುತ್ತಿರಲಿಲ್ಲ.

ಶ್ರಾವಣದಲ್ಲಿ ಒಂದು ದಿನ ಕೆಳಕೇರಿಯ ಒಬ್ಬ ಹೆಂಗಸು ಫೋನ್ ಮಾಡಿದಳು. ಹೊಸದಾಗಿ ಮದುವೆಯಾಗಿ ಬಂದವಳು, ನೌಸರಾ ಅವಳ ಮುಖ ಸರಿಯಾಗಿ ನೋಡಿರಲಿಲ್ಲ.

“ದಿದಿ, ನಮ್ಮ ಸರದಿ ಬಂತಾ?”

“ಬಂತು. ಹಾಕ್ಕೋ.”

ಆ ಕಡೆ ಸ್ವಿಚ್ಚು ಬಿತ್ತು, ಮೀಟರಿನ ಅಂಕಿ ಏರಿತು. ಆ ಹೆಂಗಸು ಫೋನು ಇಡುವುದರೊಳಗೆ ನೌಸರಾ ಟರ್ಬೈನಿನ ಸದ್ದು ಕೇಳದಂತೆ ಹೊರಗೆ ಕಾಲುವೆಯ ದಂಡೆಗೆ ಬಂದು, ತುಸು ಗಟ್ಟಿಯಾಗಿ ಕೇಳಿದಳು, “ಇವತ್ತು ಅನ್ನಕ್ಕೆ ಏನು ಮಾಡ್ತಿದೀಯಾ?”

ಆ ಹೆಂಗಸಿಗೆ ಆಶ್ಚರ್ಯವಾಗಿರಬೇಕು, ಆದರೂ ಹೇಳಿದಳು. ಸಾಸಿವೆ ಸೊಪ್ಪು, ಆಲೂಗಡ್ಡೆ. ಅತ್ತೆಗೆ ಖಾರ ಆಗದು, ಗಂಡನಿಗೆ ಖಾರ ಇಲ್ಲದೆ ಆಗದು, ಏನು ಮಾಡಬೇಕೋ ತಿಳಿಯುತ್ತಿಲ್ಲ ದಿದಿ. ನೌಸರಾ ಕಲ್ಲಿನ ಮೇಲೆ ಕೂತಳು. ಎರಡು ಪಾಲು ಮಾಡಿ ಒಗ್ಗರಣೆ ಬೇರೆ ಬೇರೆ ಹಾಕು ಎಂದಳು. ಕುಕ್ಕರಿನಲ್ಲಿ ಅನ್ನ ಕುದಿಯುವ ಸದ್ದು ಫೋನಿನಲ್ಲಿ ಕೇಳತೊಡಗುವವರೆಗೂ ಅವರಿಬ್ಬರೂ ಮಾತಾಡುತ್ತಿದ್ದರು.